ಅವ್ವನ ಹಳೆ ಸೀರೆ

ಹೊಸನಗರ, ೧೯೬೪

ಅವ್ವಾ,

ನೀನು ಕೊಟ್ಟ ಹಳೆ ಸೀರೆಗಳು ಮುಗಿದವು. ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದವರ ಕೂಸುಗಳಿಗೆಲ್ಲ ಅವನ್ನೇ ಹರಿದು ಸುತ್ತಿದೆ. "ಎಷ್ಟ್ ಮೆತ್ತಗಿದೆ ನರ್ಸಮ್ಮಾ, ಯಾರ್ದು?" ಎಂದು ಬಾಣಂತಿಯರು ಕೇಳುತ್ತಾರೆ.

ಮೊನ್ನೆ ಹುಟ್ಟಿದ ಕೂಸು ಅಳಲೇ ಇಲ್ಲ. ನಿನ್ನ ನೀಲಿ ಸೀರೆಯಲ್ಲೇ ಮಣ್ಣು ಮಾಡಿದರು.

ಅಂದಿನಿಂದ ಕಣ್ಣು ಮುಚ್ಚಿದರೆ ಶರಾವತಿಯ ನೀರಿನಡಿ ನಮ್ಮ ಹಳೇ ಮನೆ ಕಾಣುತ್ತದೆ. ಪಡಸಾಲೆಯಲ್ಲಿ ಆ ನೀಲಿ ಸೀರೆಯ ಜೋಲಿ. ತೂಗುವವರು ಯಾರೂ ಇಲ್ಲ, ನೀರೇ ತೂಗುತ್ತಿರುತ್ತದೆ.

"ನಾಲ್ಕ್ ದಿನ ಊರಿಗೆ ಹೋಗಿ ಬಾರಮ್ಮ" ಎಂದರು ಡಾಕ್ಟರು. ದಿನ ತುಂಬಿದವರು ಇಲ್ಲಿದ್ದಾರೆ, ಬರಲಾರೆ.

ಕಂಡಕ್ಟರ್ ಬೆಳ್ಳಪ್ಪಣ್ಣನ ಕೈಲಿ ಇನ್ನಷ್ಟು ಸೀರೆ ಕಳಿಸು. ಬಿಸಿನೀರಲ್ಲಿ ಕುದಿಸಿ, ಒಗೆದು ಕಳಿಸು. ಒಂದನ್ನು ಮಾತ್ರ ಉಟ್ಟು ಬಿಚ್ಚಿದ ಹಾಗೇ, ಒಗೆಯದೆ ಮಡಚಿ ಕಳಿಸು. ಅದು ಕೂಸಿಗಲ್ಲ.

ನಿನ್ನ ಮಗಳು,
ಪುಷ್ಪ