ಮೀಸೆ ಬಿಡು ಎಂದರು

ಮಸ್ಕಿ. ವಿಕ್ರಮ ಸಂವತ್ಸರ, ಮಾಘ ಶುದ್ಧ ಪಂಚಮಿ, ಶನಿವಾರ.

ಮೀಸೆ ಬಿಡಬೇಕಂತೆ ನಾನು! ಇಷ್ಟು ವರ್ಷ ಬಯಲಾಟದಲ್ಲಿ ದ್ರೌಪದಿಯಾಗಿ, ಮೂಗಿನ ಕೆಳಗೆ ಒಂದು ಕೂದಲೂ ಏಳದಂತೆ ನೋಡಿಕೊಂಡವನು ನಾನು. ಇವತ್ತು ತಾಲೀಮಿನಲ್ಲಿ ಯಂಕೋಬ ಮಾಸ್ತರು ಎಲ್ಲರೆದುರಿಗೇ ಹೇಳಿಬಿಟ್ಟರು.

"ನಿನ್ನ ದನಿ ಒಡದೈತಲೇ ದ್ಯಾವಣ್ಣ. ದ್ರೌಪದಿ ಪಾತ್ರ ಮಸ್ತಾನ ಮಾಡ್ಲಿ. ನೀ ದುಶ್ಯಾಸನ ಆಗು, ಮೀಸಿ ಬಿಡು."

ಆಟಕ್ಕೆ ಸರ್ಕಾರದ ಇಜಾಜತ್, ಅಪ್ಪಣೆ ಚೀಟಿ, ಬೇಕೆಂದು ಲಿಂಗಸೂಗೂರಿನ ಕಚೇರಿಗೆ ಅಲೆದವನು ನಾನು. ಆಗ ನನ್ನ ದನಿ ನೆಟ್ಟಗಿತ್ತೇನು?

ನಮ್ಮ ಮೇಳದ ಹುಡುಗ ಮಸ್ತಾನನಿಗೆ ಸೀರೆಗಳನ್ನು ನಾನೇ ಸುತ್ತಬೇಕಾಯಿತು. ಎಳೆದಂತೆಲ್ಲ ಬಿಚ್ಚುತ್ತಾ ಹೋಗುವ ಹಾಗೆ ಒಂದರ ಸೆರಗಿಗೆ ಇನ್ನೊಂದನ್ನು ಗಂಟು ಹಾಕುವುದು ಬೇರೆ ಯಾರಿಗೂ ಬರುವುದಿಲ್ಲ. ಆಮೇಲೆ ಅದೇ ಸೆರಗು ಹಿಡಿದು, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಹಾಕಿ ಎಳೆದೆ. ಅವನು ಗಿರ್ರನೆ ತಿರುಗಿ ಬಿದ್ದ. ನನ್ನ ಗಂಟಲಿನಿಂದ ಒಂದು ಆರ್ಭಟ ಹೊರಟಿತು. ಮದ್ದಳೆಯವನ ಕೈ ನಿಂತೇಹೋಯಿತು. ಆ ದನಿ ಇಷ್ಟು ದಿನ ಎಲ್ಲಿತ್ತು?

ಮಸ್ತಾನ ಮೊಣಕೈ ಒರೆಸಿಕೊಳ್ಳುತ್ತ, "ಅಣ್ಣಾ, ಖರೇನ ಅಂಜಿಕಿ ಬಂತು" ಎಂದ.

ಮಾಸ್ತರು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಮುದುಕ ಹೇಳಿದ್ದು ಸರಿ ಎಂದು ನಾನಂತೂ ಬಾಯಿಬಿಟ್ಟು ಹೇಳುವವನಲ್ಲ. ದ್ರೌಪದಿಯನ್ನು ಕಿತ್ತುಕೊಂಡದ್ದನ್ನು ಮರೆಯುವವನೂ ಅಲ್ಲ. ಆದರೆ ಆ ಆರ್ಭಟ ನನ್ನದು. ಅದನ್ನು ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತಿದೆ.

ಬೆಳಿಗ್ಗೆ ಕ್ಷೌರಕ್ಕೆ ಹಡಪದ ಈರಪ್ಪ ಬರುತ್ತಾನೆ. ಗಲ್ಲ ಬೋಳಿಸು, ಮೂಗಿನ ಕೆಳಗೆ ಕತ್ತಿ ತಂದೆಯೋ ನೋಡು, ಎನ್ನಬೇಕು.