ತೆರೆದೇ ಇದ್ದ ಕಿಟಕಿ

ಅಮ್ಮಾ,

ನೀನು ಗೇಲಿ ಮಾಡುತ್ತಿದ್ದ, ನಾನು ಲ್ಯಾಬಿನ ತಟ್ಟೆಗಳಲ್ಲಿ ಸಾಕುವ ಕುಳ್ಳ ಹುಳುಗಳ ಮರಿಗಳು ಇವತ್ತು ಉದ್ದಕ್ಕೆ ಬೆಳೆದು ನಿಂತಿವೆ. ಸುತ್ತ ಬೇಕಾದಷ್ಟು ಗಾಳಿಯಿದ್ದರೂ ಆ ಕುಳ್ಳ ಹುಳುಗಳೊಳಗಿನ ಒಂದು ಜೀನ್ ಆಮ್ಲಜನಕ ಸಾಲದೆಂದು ಕೂಗುತ್ತಲೇ ಇತ್ತು. ಆ ಕೂಗಿಗೆ ಚರ್ಮಕ್ಕೆ ಆಕಾರ ಕೊಡುವ ಕೊಲಾಜೆನ್ ಹದಗೆಟ್ಟು ಮೈ ಮೊಟಕಾಗುತ್ತಿತ್ತು. ಮರಿಗಳಲ್ಲಿ ಆ ಜೀನೇ ಇಲ್ಲದಂತೆ ನಾನು ತೆಗೆದುಹಾಕಿದ್ದೆ.

"ತಟ್ಟೆ ಅದಲುಬದಲು ಮಾಡ್ಕೊಂಡಿದೀಯ, ನೋಡು," ಎಂದರು ಲ್ಯಾಬಿನ ಮೇಡಂ. ಮತ್ತೆ ಮತ್ತೆ ನೋಡಿದೆ, ತಟ್ಟೆ ಬದಲಾಗಿರಲಿಲ್ಲ, ಅವೇ ಮರಿಗಳು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನಿನಗೆ ಹೇಳೋಣವೆಂದು ಫೋನ್ ಎತ್ತಿಯೇಬಿಟ್ಟಿದ್ದೆ, ನೀನು ಈಗಿಲ್ಲವೆಂಬುದು ಆಮೇಲೆ ನೆನಪಾಯಿತು.

"ಕಿಟಕಿ ತೆಗಿಯೇ, ಉಸಿರು ಕಟ್ತಿದೆ," ಎಂದು ಕೊನೆಯ ದಿನಗಳಲ್ಲಿ ಕೂಗುತ್ತಿದ್ದೆ ನೀನು. "ತೆಗೆದೇ ಇದೆಯಲ್ಲಮ್ಮಾ," ಎನ್ನುತ್ತಿದ್ದೆ ನಾನು, ಓದುತ್ತಿದ್ದುದರಿಂದ ತಲೆಯೆತ್ತದೆ. ಆಮ್ಲಜನಕ ಸರಿಯಾಗೇ ಇದೆ ಎಂದು ಡಾಕ್ಟರೂ ಹೇಳಿದ್ದರಲ್ಲ.

ಮನೆಗೆ ಬಂದವಳೇ ನಿನ್ನ ಕೋಣೆಗೆ ಹೋದೆ. ಕಿಟಕಿ ತೆರೆದೇ ಇತ್ತು. ಅದನ್ನು ಮುಚ್ಚಿ, ನೀನು ಕೇಳಿದ್ದ ಹಾಗೆ ಮತ್ತೆ ತೆಗೆದೆ.