ಬಿದ್ದದ್ದು ಯಾವ ಗುಂಡು?

ಮಾರ್ಚ್ ೧೪, ಗುರುವಾರ

"ಮಗು ಆದ್ಮೇಲೆ ಕೈ ನಡುಗೋದು ಸಹಜ ಕಣಮ್ಮ. ನಾಳೆ ಆಯ್ಕೆ ಸ್ಪರ್ಧೆಗೆ ಬರ್ಬೇಡ ಬಿಡು," ಎಂದರು ಕೋಚ್, ಎಲ್ಲರೆದುರು. ಇವತ್ತಿನ ಅಭ್ಯಾಸದಲ್ಲಿ ಗುರಿ ತಪ್ಪುತ್ತಲೇ ಇತ್ತು, ನಿಜ. ಆದರೆ ಏರ್ ರೈಫಲ್ ಹಿಡಿದವಳು ನಾನು. ಕೈ ನಡುಗಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?

ಮನೆಗೆ ಬಂದವಳೇ ಆಕಾರ ಸರಿಯಿದೆಯೇ ನೋಡಲು ಡಬ್ಬಿಯ ಗುಂಡುಗಳನ್ನು ಕನ್ನಡಿಯ ಮೇಲೆ ಉರುಳಿಸಿದೆ. ಅರ್ಧಕ್ಕರ್ಧ ಕುಂಟಿದವು. ಹಿಂಬದಿಯ ತೆಳು ಸೀಸದ ಅಂಚು ನೆಗ್ಗಿದೆ. ಇಂಥವು ನೆಟ್ಟಗೆ ಹೋಗುವುದುಂಟೇ?

ಇವರನ್ನು ಕೇಳಿದರೆ ತಲೆ ಕೆರೆದುಕೊಂಡರು. "ಮೊನ್ನೆ ಅಮ್ಮ 'ಗುಂಡು ಬಿತ್ತು ಕಣೋ' ಅಂತ ಕೂಗಿದ್ಲು. ನಾನು ತೊಟ್ಟಿಲ ಹತ್ರ ಓಡಿದೆ." ಮಗಳನ್ನು ನಾವು ಕರೆಯುವುದೇ ಗುಂಡು ಎಂದು. ಅವಳು ಕಾಲಾಡಿಸುತ್ತ ಮಲಗಿದ್ದನ್ನು ಕಂಡ ಖುಷಿಗೆ, ನೆಲಕ್ಕೆ ಚೆಲ್ಲಿದ್ದನ್ನೆಲ್ಲ ಪೊರಕೆಯಲ್ಲಿ ಗುಡಿಸಿ ಡಬ್ಬಿಗೆ ತುಂಬಿಟ್ಟರಂತೆ!

"ನನಗೆ ಹೇಳೋಕೇನಾಗಿತ್ರೀ?"

"ಮಗು ಬಿದ್ದಿರ್ಲಿಲ್ವಲ್ಲ, ಹೇಳೋದೇನು?"

ನಗುವೂ ಬಂತು, ಮೈಯೂ ಉರಿಯಿತು. ಸೀಸದ ಚೂರೊಂದು ಉಳಿದು ಅವಳ ಬಾಯಿಗೆ ಹೋದರೆ? ಟಾರ್ಚ್ ಹಿಡಿದು ಮಂಚದಡಿಯೆಲ್ಲ ತಡಕಿದ್ದಾಯಿತು. ಇನ್ನು ನಿದ್ದೆ ಎಲ್ಲಿಂದ ಬರಬೇಕು?

ನಾಳೆ ಹೋಗಿಯೇ ಹೋಗುತ್ತೇನೆ. ನೆಗ್ಗಿದ್ದನ್ನೆಲ್ಲ ಕೋಚ್ ಮುಂದೆ ಸುರಿದು, ಅವರ ಕಣ್ಣೆದುರೇ ಹೊಸ ಡಬ್ಬಿ ತೆರೆಯುತ್ತೇನೆ. ಆಗಲೂ ಗುರಿ ತಪ್ಪಿದರೆ ಕೈ ನಡುಗಿತು ಎನ್ನಲಿ, ಒಪ್ಪುತ್ತೇನೆ. ಆದರೆ ಹೆತ್ತಿದ್ದಕ್ಕೇ ನಡುಗಿತು ಎಂದರೋ, ಆಮೇಲೆ ನಾನು… ಎದ್ದಳು ಗುಂಡು ಮಹಾರಾಯಿತಿ.